ಹಳೆಯ ಬಿಎಸ್‌ಎ ಎಂ20 ಎಲ್ಲಿಂದ ಬಂತು? ಆಮದಾದ ಮೋಟಾರ್‌ಸೈಕಲ್ಲಿನ ಮೂಲ ಪತ್ತೆಹಚ್ಚುವ ಕ್ರಮ

ಕಾಫಿ ತೋಟದ ಗೋದಾಮಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲೊಂದು ಸಿಕ್ಕಿದರೆ ನಮ್ಮಲ್ಲಿ ಮೊದಲು ನಡೆಯುವ ಕೆಲಸವೆಂದರೆ ಅದನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಸ್ಯಾಂಡ್‌ಬ್ಲಾಸ್ಟಿಂಗ್‌ಗೆ (ರಭಸದಿಂದ ಮರಳು ಚಿಮ್ಮಿಸಿ ಬಣ್ಣ, ತುಕ್ಕು ಕೆರೆಯುವ ಕೆಲಸಕ್ಕೆ) ಕಳುಹಿಸಿ, ಹೊಸ ಬಣ್ಣ ಹೊಡೆಸುವುದು. ಗಾಡಿ ಹೊಳೆಯುತ್ತದೆ. ಆದರೆ ಅದು ಯಾವ ವರ್ಷದ್ದು, ಸೇನೆಗೆಂದು ತಯಾರಾದದ್ದೋ ಪೇಟೆಗೆಂದು ಬಂದದ್ದೋ, ಅದರ ಎಂಜಿನ್ ಮೊದಲಿನಿಂದಲೂ ಅದರೊಂದಿಗಿತ್ತೋ ನಡುವೆ ಸೇರಿತೋ ಎಂಬುದನ್ನು ಹೇಳಬಹುದಾಗಿದ್ದ ಗುರುತುಗಳು ಆ ಮರಳಿನ ಜೊತೆಗೇ ಹೋಗಿಬಿಟ್ಟಿರುತ್ತವೆ. ನಾನು ಕೊಂಡ ಮೊದಲ ಎಂ20ಯ ಟ್ಯಾಂಕನ್ನು ಹೀಗೆಯೇ ಕೆರೆಸಿದೆ. ಕೆಲವು ತಿಂಗಳ ನಂತರ, ಗಾಡಿ ಮಾರಿದವರ ಮನೆಯ ಹಳೆಯ ಫೋಟೊವೊಂದರಲ್ಲಿ ಆ ಟ್ಯಾಂಕಿನ ಪಕ್ಕದಲ್ಲಿ ಬಿಳಿಯ ಅಂಕಿಗಳ ಮಸುಕು ಸಾಲು ಕಂಡಿತು. ಅದು ಸೇನೆಯ ಸಂಖ್ಯೆಯಾಗಿತ್ತು. ಅದನ್ನು ಓದುವ ದಾರಿ ಈಗ ಉಳಿದಿಲ್ಲ. ಆ ನಷ್ಟ ಬೇರೊಬ್ಬರಿಗೆ ಆಗಬಾರದೆಂಬ ಕಾರಣಕ್ಕೆ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಉದಾಹರಣೆಯಾಗಿ ಬಿಎಸ್‌ಎ ಎಂ20ಯನ್ನು ಆರಿಸಿಕೊಂಡಿದ್ದೇನೆ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ 1937ರಲ್ಲಿ ಈ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಒಂದೇ ಸಿಲಿಂಡರಿನ, ಸೈಡ್ ವಾಲ್ವ್ ವ್ಯವಸ್ಥೆಯ, 496 ಸಿಸಿಯ ಈ ಗಾಡಿಯಲ್ಲಿ ವೇಗ ಕಡಿಮೆ, ತಾಳಿಕೆ ಹೆಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಗಾಗಿ ಸುಮಾರು 1.26 ಲಕ್ಷ ಎಂ20ಗಳು ತಯಾರಾದವು. ಭಾರತದಲ್ಲೂ ಇವು ಓಡಿದವು. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಮಾಲಿನ, ಅಂದರೆ ಸೇನೆ ಬೇಡವೆಂದು ಮಾರಿದ ಸಾಮಾನಿನ, ಲೆಕ್ಕದಲ್ಲಿ ಹರಾಜಾಗಿ ಖಾಸಗಿಯವರ ಕೈಸೇರಿದವು. ಹಾಗಾಗಿ ಒಂದು ಎಂ20ಯ ಹಿಂದೆ ಕಾರ್ಖಾನೆ, ಸೇನೆ, ಹರಾಜು, ನಮ್ಮ ಊರಿನ ಸಾರಿಗೆ ಕಚೇರಿ, ಮೂರು ನಾಲ್ಕು ಮೆಕ್ಯಾನಿಕ್‌ಗಳು ಎಲ್ಲರೂ ಇರುತ್ತಾರೆ. ಒಬ್ಬೊಬ್ಬರೂ ಬಿಟ್ಟುಹೋದ ಗುರುತನ್ನು ಬೇರೆಬೇರೆಯಾಗಿ ಓದಬೇಕಾಗುತ್ತದೆ.

ಮೊದಲ ಹಂತ: ಏನನ್ನೂ ಬಿಚ್ಚದೆ ದಾಖಲಿಸುವುದು

ಗಾಡಿ ಮನೆಗೆ ಬಂದ ದಿನ ನೀರು ಹಾಕಿ ತೊಳೆಯುವುದಕ್ಕೂ ಮೊದಲು ಎಲ್ಲ ಕಡೆಗಳಿಂದ ಫೋಟೊ ತೆಗೆಯಿರಿ. ಇಡೀ ಗಾಡಿಯ ಚಿತ್ರಗಳಿಗಿಂತ ಹತ್ತಿರದಿಂದ ತೆಗೆದ ಚಿತ್ರಗಳೇ ಮುಂದೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಟ್ಯಾಂಕಿನ ಎರಡೂ ಬದಿ, ಮಡ್‌ಗಾರ್ಡ್‌ಗಳ ಒಳಮೈ, ಸೀಟಿನ ಅಡಿ, ಹೆಡ್‌ಲ್ಯಾಂಪಿನ ಒಳಗಿನ ವೈರಿಂಗ್, ಹಿಂದಿನ ಕ್ಯಾರಿಯರ್ ಸೇರುವ ಜಾಗದ ತೂತುಗಳು ಇವೆಲ್ಲವೂ ಅದರಲ್ಲಿರಲಿ. ಪ್ರತಿ ಚಿತ್ರದಲ್ಲೂ ಒಂದು ಸ್ಕೇಲನ್ನು ಇಟ್ಟರೆ ಮುಂದೆ ಅಕ್ಷರಗಳ ಅಳತೆಯನ್ನು ಹೋಲಿಸಿ ನೋಡಬಹುದು. ಮಾರಿದವರಿಂದ ಕೇಳಿ ತಿಳಿದುದನ್ನು ಅದೇ ದಿನ ಬರೆದಿಡಿ. ಅವರ ಅಜ್ಜ ಯಾರಿಂದ ಕೊಂಡರು, ಯಾವ ಊರಿನಲ್ಲಿ ಓಡಿಸಿದರು, ಎಂಜಿನ್ ಯಾವಾಗಲಾದರೂ ಬದಲಾಯಿತೇ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಮನೆಯ ಆಲ್ಬಮ್ಮಿನಲ್ಲಿ ಗಾಡಿಯ ಫೋಟೊ ಇದ್ದರೆ ಅದರ ಪ್ರತಿ ತೆಗೆದುಕೊಳ್ಳಿ. ಫೋಟೊದಲ್ಲಿ ಕಾಣುವ ನಂಬರ್ ಪ್ಲೇಟೊಂದು ಹತ್ತು ಮಾತುಗಳಿಗಿಂತ ಗಟ್ಟಿಯಾದ ಸಾಕ್ಷಿ.

ಎರಡನೇ ಹಂತ: ಅಚ್ಚೊತ್ತಿದ ಸಂಖ್ಯೆಗಳನ್ನು ಓದುವುದು

ಎಂ20ಯಲ್ಲಿ ಚಾಸಿ ನಂಬರನ್ನು, ಅಂದರೆ ಫ್ರೇಮ್ ಸಂಖ್ಯೆಯನ್ನು, ಫ್ರೇಮಿನ ಮುಂಭಾಗದಲ್ಲಿ, ಹ್ಯಾಂಡಲ್ ತಿರುಗುವ ಹೆಡ್‌ಲಗ್ಗಿನ ಎಡಬದಿಯಲ್ಲಿ ಹುಡುಕಬೇಕು. ಎಂಜಿನ್ ನಂಬರು ಎಡಗಡೆಯ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ, ಎರಡು ಹೋಳುಗಳ ಲೋಹದ ಕವಚ) ಮೇಲೆ, ಸಿಲಿಂಡರಿನ ಬುಡಕ್ಕೆ ತುಸು ಕೆಳಗಿರುತ್ತದೆ. ಎಪ್ಪತ್ತು ಎಂಬತ್ತು ವರ್ಷಗಳ ಬಣ್ಣ ಮತ್ತು ಗ್ರೀಸಿನಡಿಯಲ್ಲಿ ಅವು ಬರಿಗಣ್ಣಿಗೆ ಕಾಣದಿರಬಹುದು. ಆಗ ಕೈಗೆ ವೈರ್ ವೀಲನ್ನಾಗಲೀ ಗ್ರೈಂಡರನ್ನಾಗಲೀ ಎತ್ತಿಕೊಳ್ಳಬಾರದು. ಸೀಮೆಎಣ್ಣೆಯಲ್ಲಿ ಗ್ರೀಸನ್ನು ನೆನೆಸಿ ಒರೆಸಿ, ಬಣ್ಣ ತೆಗೆಯುವ ದ್ರಾವಣವನ್ನು ಆ ಅಂಗುಲದಷ್ಟು ಜಾಗಕ್ಕೆ ಮಾತ್ರ ಹಚ್ಚಿ, ಮೆದುವಾದ ಬಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಬೇಕು. ದ್ರಾವಣ ಚರ್ಮವನ್ನು ಸುಡುತ್ತದೆ. ಕೈಗವಸು ಇರಲಿ, ಕಿಟಕಿ ತೆರೆದಿರಲಿ.

ಜಾಗ ಶುದ್ಧವಾದ ಮೇಲೆ ಕತ್ತಲಲ್ಲಿ ಟಾರ್ಚನ್ನು ಲೋಹದ ಮೈಗೆ ಸಮಾಂತರವಾಗಿ, ಪಕ್ಕದಿಂದ ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಂಕಿಗಳು ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ನಿಲ್ಲುತ್ತವೆ. ಸೀಮೆಸುಣ್ಣವನ್ನು ಮೇಲಿಂದ ಉಜ್ಜಿ ಬಟ್ಟೆಯಿಂದ ಒರೆಸಿದರೆ ಅಚ್ಚಿನ ಗುಳಿಯಲ್ಲಿ ಬಿಳಿ ಉಳಿಯುತ್ತದೆ. ಕೊನೆಗೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಟಿಓ ತಪಾಸಣೆಗೆ ಪೆನ್ಸಿಲ್ ಪ್ರಿಂಟ್ ತೆಗೆಯುವಂತೆಯೇ ಇದು. ನಾಲ್ಕಾರು ಪ್ರತಿಗಳಿದ್ದರೆ ಒಳ್ಳೆಯದು, ಏಕೆಂದರೆ 3 ಮತ್ತು 8, 1 ಮತ್ತು 7 ಸವೆದಾಗ ಒಂದನ್ನೊಂದು ಹೋಲುತ್ತವೆ, ಮತ್ತು ಒಂದು ಅಂಕಿ ತಪ್ಪಿದರೂ ಮುಂದಿನ ಹುಡುಕಾಟವೆಲ್ಲ ಬೇರೊಂದು ಗಾಡಿಯ ಚರಿತ್ರೆಯಾಗಿಬಿಡುತ್ತದೆ.

ಅಚ್ಚು ಅಸಲಿಯೇ ಎಂದು ತೀರ್ಮಾನಿಸುವುದು ಇಲ್ಲಿ ಅತ್ಯಂತ ಸೂಕ್ಷ್ಮವಾದ ಕೆಲಸ. ಆ ಕಾಲದ ಕಾರ್ಖಾನೆಗಳಲ್ಲಿ ಒಂದೊಂದೇ ಅಂಕಿಯ ಪಂಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಆದ್ದರಿಂದ ಸಾಲು ಕೊಂಚ ಮೇಲೆಕೆಳಗಾಗಿರುವುದು ಸಹಜ. ಸಹಜವಲ್ಲದ್ದು ಬೇರೆಯಿದೆ. ಒಂದೇ ಸಾಲಿನಲ್ಲಿ ಎರಡು ಬಗೆಯ ಅಂಕಿಗಳು, ಬೇರೆಬೇರೆ ಎತ್ತರ, ಅಂಕಿಗಳ ಸುತ್ತ ಮಾತ್ರ ಕಾಣುವ ಅರದ ಗೀರುಗಳು, ಅಕ್ಕಪಕ್ಕದ ಎರಕದ ಒರಟುತನಕ್ಕೆ ಹೊಂದದ ನುಣುಪು, ಕೈಯಾಡಿಸಿದರೆ ತಗ್ಗಾಗಿ ಸಿಗುವ ಮೈ ಇವು ಕಂಡರೆ ಅಲ್ಲಿ ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಹೊಡೆದಿರುವ ಸಾಧ್ಯತೆಯಿದೆ. ಅಳಿಸಿದ ಸಂಖ್ಯೆಯನ್ನು ಆಮ್ಲದ ದ್ರಾವಣದಿಂದ ಮತ್ತೆ ಕಾಣಿಸುವ ವಿಧಾನ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿದೆ. ಮನೆಯಲ್ಲಿ ಅದನ್ನು ಪ್ರಯತ್ನಿಸಿದರೆ ಉಳಿದ ಸುಳಿವೂ ಕೆಡುತ್ತದೆ. ಯಾವ ಕಾರಣಕ್ಕೂ ಮಸುಕಾದ ಅಂಕಿಯನ್ನು ಹೊಸ ಪಂಚಿನಿಂದ ತಿದ್ದಿಸಬೇಡಿ. ಅದು ಸಾಕ್ಷಿಯನ್ನು ಕೆಡಿಸುತ್ತದೆ. ನೋಂದಣಿ ಪ್ರಾಧಿಕಾರದ ಅನುಮತಿಯಿಲ್ಲದೆ ಹಾಗೆ ಮಾಡುವುದು ಕಾನೂನಿನ ದೃಷ್ಟಿಯಲ್ಲೂ ಅಪರಾಧಕ್ಕೆ ಎಡೆಮಾಡುತ್ತದೆ.

ಎಂಜಿನನ್ನು ಮುಂದೆ ಹೇಗಿದ್ದರೂ ಇಳಿಸುವುದಿದ್ದರೆ, ಕ್ರ್ಯಾಂಕ್‌ಕೇಸಿನ ಕೆಳಮೈಯನ್ನು ತಪ್ಪದೆ ನೋಡಿ. ಎರಡೂ ಹೋಳುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿ ಕೊರೆಯುತ್ತಿದ್ದುದರಿಂದ ಅವು ಬೇರೆಯಾಗದಿರಲೆಂದು ಎರಡರ ಮೇಲೂ ಒಂದೇ ಜೋಡಿ ಸಂಖ್ಯೆಯನ್ನು ಹೊಡೆಯುವ ಪದ್ಧತಿ ಬ್ರಿಟಿಷ್ ಕಾರ್ಖಾನೆಗಳಲ್ಲಿತ್ತು. ಆ ಎರಡು ಹೊಂದದಿದ್ದರೆ ನಿಮ್ಮ ಎಂಜಿನ್ ಎರಡು ಎಂಜಿನ್‌ಗಳಿಂದ ಆದದ್ದು.

ಮೂರನೇ ಹಂತ: ಸಂಖ್ಯೆಯ ಮುಂದಿನ ಅಕ್ಷರಗಳ ಅರ್ಥ

ಅಂಕಿಗಳಿಗಿಂತ ಮೊದಲು ಬರುವ ಅಕ್ಷರಗಳನ್ನು ನಮ್ಮ ಹಳೆಯ ಆರ್‌ಸಿ ಪುಸ್ತಕಗಳಲ್ಲಿ ಎಷ್ಟೋ ಸಲ ಬಿಟ್ಟುಬಿಟ್ಟಿರುತ್ತಾರೆ. ಕಾಲ ಹೇಳುವುದು ಮಾತ್ರ ಅವೇ. ಬಿಎಸ್‌ಎ ಕ್ರಮದಲ್ಲಿ 1937ರ ಮಾದರಿಗೆ ಎಚ್, 1938ಕ್ಕೆ ಜೆ, 1939ಕ್ಕೆ ಕೆ ಎಂಬ ಅಕ್ಷರ ಮೊದಲು ಬರುತ್ತದೆ. ಡಬ್ಲ್ಯೂಎಂ20 ಎಂದಿದ್ದರೆ ಅದು ಯುದ್ಧಕಾಲದ ತಯಾರಿಕೆ. ಆ ಒಂದೇ ಅಕ್ಷರ ಯುದ್ಧ ಮುಗಿಯುವವರೆಗೂ ನಡೆಯಿತು, ಆದ್ದರಿಂದ ವರ್ಷವನ್ನು ನಿಖರವಾಗಿ ತಿಳಿಯಲು ಅಂಕಿಯನ್ನೇ ನೋಡಬೇಕು. ಎಕ್ಸ್, ವೈ, ಝಡ್ ಎಂಬ ಅಕ್ಷರಗಳು ಯುದ್ಧಾನಂತರದವು. ಎಂಜಿನ್ ಮೇಲೆ ಎಂ21 ಎಂದಿದ್ದರೆ ಅದು ಇದೇ ಕುಟುಂಬದ 591 ಸಿಸಿಯ ಎಂಜಿನ್. ಎರಡಕ್ಕೂ ಬೋರು (ಸಿಲಿಂಡರಿನ ಒಳವ್ಯಾಸ) 82 ಮಿಲಿಮೀಟರ್ ಒಂದೇ, ಎಂ20ಯ ಸ್ಟ್ರೋಕು (ಪಿಸ್ಟನ್ ಚಲಿಸುವ ದೂರ) 94, ಎಂ21ರದು 112. ಆರ್‌ಸಿಯಲ್ಲಿ 496 ಸಿಸಿ ಎಂದಿದ್ದು ಗಾಡಿಯಲ್ಲಿ ಎಂ21 ಎಂಜಿನ್ ಕುಳಿತಿದ್ದರೆ ನಡುವೆ ಬದಲಾವಣೆ ನಡೆದಿದೆಯೆಂದು ಅಲ್ಲಿಯೇ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ನೇರವಾಗಿ ಹೇಳಿಬಿಡಬೇಕು. ‘ಮ್ಯಾಚಿಂಗ್ ನಂಬರ್’, ಅಂದರೆ ಫ್ರೇಮಿಗೂ ಎಂಜಿನ್ನಿಗೂ ಒಂದೇ ಸಂಖ್ಯೆ, ಇಲ್ಲದ ಗಾಡಿ ಅಸಲಿಯಲ್ಲವೆಂದು ದಲ್ಲಾಳಿಗಳು ಹೇಳುತ್ತಾರೆ. ಅದನ್ನು ನಂಬಿ ಒಳ್ಳೆಯ ಎಂ20ಗಳನ್ನು ಬಿಟ್ಟುಕೊಟ್ಟವರಿದ್ದಾರೆ. ಯುದ್ಧಕಾಲದ ನಾರ್ಟನ್ 16ಎಚ್‌ನಲ್ಲಿ ಫ್ರೇಮಿಗೂ ಎಂಜಿನ್ನಿಗೂ ಒಂದೇ ಸಂಖ್ಯೆಯಿರುತ್ತದೆ, ನಿಜ. ಆದರೆ ಎಂ20ಯಲ್ಲಿ ಕಾರ್ಖಾನೆಯಿಂದ ಹೊರಬಂದ ದಿನವೇ ಎರಡು ಸಂಖ್ಯೆಗಳೂ ಬೇರೆಬೇರೆ. ಆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದ ಕಾರ್ಖಾನೆಯ ರವಾನೆ ಪುಸ್ತಕವೇ ಅವುಗಳ ಸಂಬಂಧಕ್ಕೆ ಆಧಾರ. ಎಂ20ಯ ಮೇಲೆ ಫ್ರೇಮ್ ಮತ್ತು ಎಂಜಿನ್ ಸಂಖ್ಯೆಗಳು ಅಂಕಿಗಂಕಿ ಒಂದೇ ಆಗಿದ್ದರೆ ಸಂತೋಷಪಡುವ ಬದಲು ಅನುಮಾನಪಡಬೇಕು.

ನಾಲ್ಕನೇ ಹಂತ: ಬಿಡಿಭಾಗಗಳ ಮೇಲಿನ ತಾರೀಖುಗಳು

ಎಂಜಿನ್ ಮತ್ತು ಫ್ರೇಮ್ ಬಿಎಸ್‌ಎಯದಾದರೂ ಕಾರ್ಬುರೇಟರ್ ಆಮಲ್ ಕಂಪನಿಯದು, ವಿದ್ಯುತ್ ಉಪಕರಣಗಳು ಲ್ಯೂಕಾಸ್‌ನವು, ಸ್ಪೀಡೋಮೀಟರ್ ಸ್ಮಿತ್ಸ್‌ನದು. ಲ್ಯೂಕಾಸ್‌ನ ಮ್ಯಾಗ್‌ಡೈನೊದಂತಹ (ಮ್ಯಾಗ್ನೆಟೊ ಮತ್ತು ಡೈನಮೊ ಒಂದಾಗಿರುವ ಘಟಕ) ಉಪಕರಣಗಳ ಮೈಮೇಲೆ ತಯಾರಾದ ತಿಂಗಳು ಮತ್ತು ವರ್ಷವನ್ನು ಚಿಕ್ಕ ಅಂಕಿಗಳಲ್ಲಿ ಹೊಡೆದಿರುತ್ತಾರೆ. ‘3 43’ ಎಂದಿದ್ದರೆ 1943ರ ಮಾರ್ಚ್. ಫ್ರೇಮಿನ ಸಂಖ್ಯೆ ಸೂಚಿಸುವ ಕಾಲಕ್ಕಿಂತ ಒಂದೆರಡು ತಿಂಗಳು ಹಿಂದಿನ ತಾರೀಖು ಇದ್ದರೆ ಆ ಭಾಗ ಮೂಲದ್ದೇ ಆಗಿರುವ ಸಂಭವ ಹೆಚ್ಚು, ಏಕೆಂದರೆ ಉಪಕರಣ ತಯಾರಾಗಿ ಜೋಡಣೆಗೆ ಬರಲು ಅಷ್ಟು ಸಮಯ ಬೇಕು. ಗಾಡಿಗಿಂತ ಎರಡು ವರ್ಷ ಮುಂದಿನ ತಾರೀಖಿದ್ದರೆ ಅದು ಬದಲಿಸಿದ ಭಾಗ.

ಸೇನೆಗೆಂದೇ ಮಾಡಿದ ಗಾಡಿಯನ್ನು ಗುರುತಿಸಲು ಬೇರೆ ಲಕ್ಷಣಗಳೂ ಇವೆ. ಬಾಣದ ಗುರುತಿನಂತಿರುವ ಸರ್ಕಾರಿ ಮುದ್ರೆ ಭಾಗಗಳ ಮೇಲೆ ಅಲ್ಲಲ್ಲಿ ಸಿಗುತ್ತದೆ. 1942ರಲ್ಲಿ ಮಲಯ ಜಪಾನಿಗರ ವಶವಾಗಿ ರಬ್ಬರು ದುರ್ಲಭವಾದ ಮೇಲೆ ಹ್ಯಾಂಡಲ್ ಹಿಡಿಗಳಿಗೆ ಕ್ಯಾನ್ವಾಸ್ ಬಂತು, ಕಾಲಿಡುವ ಜಾಗ ಬರಿಯ ಲೋಹವಾಯಿತು. ಧೂಳಿನ ಪ್ರದೇಶಗಳಿಗೆ ಹೋಗುವ ಗಾಡಿಗಳಿಗೆ ಟ್ಯಾಂಕಿನ ಮೇಲೆ ದೊಡ್ಡ ಏರ್ ಫಿಲ್ಟರ್ ಕೂರಿಸಿ, ಅದರ ಕೊಳವೆ ಹಾದುಹೋಗಲು ಟ್ಯಾಂಕಿನಲ್ಲೇ ತಗ್ಗು ಮಾಡಿದ್ದರು. ಫಿಲ್ಟರ್ ಎಂದೋ ಕಳೆದುಹೋಗಿದ್ದರೂ ಆ ತಗ್ಗು ಉಳಿದಿರುತ್ತದೆ. ಮುಂದಿನ ಫೋರ್ಕು ಕೂಡ ಮಾತಾಡುತ್ತದೆ: ಯುದ್ಧಕಾಲದ ಎಂ20ಗೆ ಸ್ಪ್ರಿಂಗ್ ಹೊರಗೆ ಕಾಣುವ ಗರ್ಡರ್ ಫೋರ್ಕು, ಟೆಲಿಸ್ಕೋಪಿಕ್ ಫೋರ್ಕು ಬಂದದ್ದು 1948ರ ಹೊತ್ತಿಗೆ.

ಐದನೇ ಹಂತ: ಬಣ್ಣದ ಪದರಗಳು

ಟ್ಯಾಂಕಿನ ಕೆಳಭಾಗದಲ್ಲಿ ಕಣ್ಣಿಗೆ ಬೀಳದ ರೂಪಾಯಿ ನಾಣ್ಯದಷ್ಟು ಜಾಗ ಆರಿಸಿ. ಅತಿ ನುಣುಪಾದ ನೀರಿನ ಎಮರಿ ಕಾಗದದಿಂದ ವೃತ್ತಾಕಾರವಾಗಿ, ನಡುವೆ ಹೆಚ್ಚು ಅಂಚಿಗೆ ಕಡಿಮೆ ಒತ್ತಿ ಉಜ್ಜಿ. ಮರದ ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ಉಂಗುರಗಳಂತೆ ಪದರಗಳು ಒಂದರ ಒಳಗೊಂದು ತೆರೆದುಕೊಳ್ಳುತ್ತವೆ: ಮೇಲೆ ಯಾವುದೋ ಮೆಕ್ಯಾನಿಕ್ ಹೊಡೆಸಿದ ಕಪ್ಪು, ಅದರಡಿ ಕೆಂಪು, ಅದರಡಿ ಪ್ರೈಮರ್, ಎಲ್ಲಕ್ಕಿಂತ ಕೆಳಗೆ ಕಾರ್ಖಾನೆಯ ಬಣ್ಣ. ಬ್ರಿಟಿಷ್ ಸೇನೆಯ ಬಣ್ಣ ಯುದ್ಧದ ಆರಂಭದಲ್ಲಿ ಖಾಕಿ ಹಸಿರಾಗಿದ್ದು, ಯುದ್ಧದ ನಡುವಿನ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ, 1944ರಿಂದ ಆಲಿವ್ ಹಸಿರಾಯಿತು. ತಳದಲ್ಲಿ ಕಂದು ಸಿಕ್ಕಿ ಅದರ ಮೇಲೆ ಆಲಿವ್ ಸಿಕ್ಕರೆ, 1944ರ ನಂತರವೂ ಆ ಟ್ಯಾಂಕು ಸೇನೆಯಲ್ಲೇ ಇದ್ದು ಮರುಬಣ್ಣ ಕಂಡಿದೆಯೆಂದು ಊಹಿಸಬಹುದು.

ಟ್ಯಾಂಕಿನ ಬದಿಗಳಲ್ಲಿ ಮಾತ್ರ ಇನ್ನೂ ನಿಧಾನವಾಗಿ ಮುಂದುವರಿಯಬೇಕು. ಬ್ರಿಟಿಷ್ ಸೇನೆಯ ಮೋಟಾರ್‌ಸೈಕಲ್‌ಗಳಿಗೆ ಸಿ ಅಕ್ಷರದಿಂದ ಆರಂಭವಾಗುವ ಸಂಖ್ಯೆಯೊಂದನ್ನು ಅಲ್ಲಿ ಬರೆಯುತ್ತಿದ್ದರು. ಈ ಸಂಖ್ಯೆಗಳನ್ನು ಖರೀದಿಯ ಗುತ್ತಿಗೆಗಳ ಪ್ರಕಾರ ಸಾಲಾಗಿ ಹಂಚುತ್ತಿದ್ದುದರಿಂದ, ಅದು ಸಿಕ್ಕರೆ ಗಾಡಿ ಯಾವ ಗುತ್ತಿಗೆಯಲ್ಲಿ ತಯಾರಾಯಿತೆಂಬುದು ಹೊರಬೀಳುತ್ತದೆ. ಮೇಲಿನ ಪದರವನ್ನು ದಿನಕ್ಕೆ ಸ್ವಲ್ಪದಂತೆ, ಒದ್ದೆ ಕಾಗದದಿಂದ, ಪ್ರತಿ ಸಲ ಫೋಟೊ ತೆಗೆಯುತ್ತ ಇಳಿಸಿ. ತಾಳ್ಮೆಯಿಲ್ಲದವರು ಈ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದು ಲೇಸು.

ಆರನೇ ಹಂತ: ನಮ್ಮ ಕಚೇರಿಗಳ ಕಾಗದ

ಆರ್‌ಸಿ ಪುಸ್ತಕ ಕೈಯಲ್ಲಿದ್ದರೂ ನೋಂದಣಿ ಕಚೇರಿಯಿಂದ ಬಿ ಎಕ್ಸ್‌ಟ್ರ್ಯಾಕ್ಟ್ (ಕಚೇರಿಯ ದಾಖಲೆಯಲ್ಲಿರುವ ಗಾಡಿಯ ವಿವರಗಳ ಪ್ರತಿ) ಪಡೆಯಿರಿ. ಪುಸ್ತಕ ಕಳೆದು ನಕಲು ಪಡೆದ ಸಂದರ್ಭಗಳಲ್ಲಿ ಹಳೆಯ ಮಾಲೀಕರ ವಿವರಗಳು ನಕಲಿನಲ್ಲಿ ಬಂದಿರುವುದಿಲ್ಲ. ಕಚೇರಿಯ ಮೂಲ ರಿಜಿಸ್ಟರಿನಲ್ಲಿ ಅವು ಇರಬಹುದು. ಕಂಪ್ಯೂಟರಿನ ದಾಖಲೆಯಲ್ಲಿ ‘ತಯಾರಿಕೆಯ ವರ್ಷ’ ಎಂಬಲ್ಲಿ ಮೊದಲ ನೋಂದಣಿಯ ವರ್ಷವನ್ನೇ ತುಂಬಿರುವುದು ಸಾಮಾನ್ಯ. 1942ರಲ್ಲಿ ಬರ್ಮಿಂಗ್‌ಹ್ಯಾಮ್ ಬಿಟ್ಟ ಗಾಡಿ ಡಿಸ್ಪೋಸಲ್‌ನಲ್ಲಿ ಮಾರಾಟವಾದ ಮೇಲೆ 1947ರಲ್ಲಿ ನೋಂದಣಿಯಾಗಿದ್ದರೆ ಕಾಗದದ ಪ್ರಕಾರ ಅದು 1947ರ ಮಾದರಿ. ಅರ್ಜಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ರಿಜಿಸ್ಟರಿನ ಪುಟದ ಪ್ರತಿಯನ್ನು ಕೇಳಬಹುದು.

ನಂಬರ್ ಪ್ಲೇಟಿನ ಅಕ್ಷರಗಳು ಒಂದು ಸಣ್ಣ ಭೂಗೋಳ. ಕೆಎ ಅಕ್ಷರಗಳು ಬಂದದ್ದು 1989ರಲ್ಲಿ. ಅದಕ್ಕೂ ಮೊದಲು ಹಳೆಯ ಮೈಸೂರು ರಾಜ್ಯದ ಗಾಡಿಗಳಿಗೆ ಎಂವೈ, ಆಮೇಲೆ ಎಂಇ, ಸಿಎ ಎಂದು ಆರಂಭವಾಗುವ ಸರಣಿಗಳಿದ್ದವು. ಆದರೆ 1956ರ ನವೆಂಬರ್ 1ಕ್ಕಿಂತ ಮೊದಲು ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿ ರಾಜ್ಯದಲ್ಲಿದ್ದವು, ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಆದ್ದರಿಂದ ಮಂಗಳೂರಿನ ಮನೆಯಲ್ಲಿ 1950ರಿಂದ ಇರುವ ಗಾಡಿಗೆ ಮದ್ರಾಸಿನ ಅಕ್ಷರಗಳಿದ್ದರೆ ಅದು ಹೊರಗಿನಿಂದ ಬಂದ ಗಾಡಿಯೆಂದು ತಿಳಿಯಬಾರದು.

ಇತ್ತೀಚೆಗೆ ಬ್ರಿಟನ್ನಿನಿಂದ ಖಾಸಗಿಯಾಗಿ ತರಿಸಿದ ಗಾಡಿಯಾದರೆ ದಾರಿ ಬೇರೆ. ಅದರ ಕಸ್ಟಮ್ಸ್ ಬಿಲ್ ಆಫ್ ಎಂಟ್ರಿಯ (ಆಮದಿನ ಸುಂಕ ದಾಖಲೆ) ಜೊತೆಗೆ ಬ್ರಿಟಿಷ್ ಲಾಗ್‌ಬುಕ್ಕನ್ನೂ (ಅಲ್ಲಿನ ನೋಂದಣಿ ಪುಸ್ತಕ) ಕೇಳಿ ಪಡೆಯಿರಿ. ಅಲ್ಲಿ 1974ರಲ್ಲಿ ಸ್ವಾನ್ಸಿಯ ಕೇಂದ್ರ ಕಚೇರಿ ಈ ಕೆಲಸ ಕೈಗೆತ್ತಿಕೊಳ್ಳುವವರೆಗೆ ಜಿಲ್ಲಾಡಳಿತಗಳೇ ನೋಂದಣಿ ಮಾಡುತ್ತಿದ್ದವು. ಪ್ಲೇಟಿನಲ್ಲಿ ಓಎಕ್ಸ್ ಅಕ್ಷರಗಳಿದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಮೊದಲು ನೋಂದಣಿಯಾದ ಗಾಡಿ ಎಂದರ್ಥ. ಉಳಿದುಬಂದ ಹಳೆಯ ನೋಂದಣಿ ಪುಸ್ತಕಗಳು ಆಯಾ ಜಿಲ್ಲೆಯ ದಾಖಲೆ ಭಂಡಾರಗಳಲ್ಲಿವೆ.

ಏಳನೇ ಹಂತ: ಕಾರ್ಖಾನೆಯ ರವಾನೆ ಪುಸ್ತಕ

ಬಿಎಸ್‌ಎ ಕಾರ್ಖಾನೆ ಇಂದಿಲ್ಲ, ಅದರ ಪುಸ್ತಕಗಳು ಇವೆ. ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್‌ನಲ್ಲಿರುವ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನ ಗ್ರಂಥಾಲಯ ಹಲವು ಬ್ರಿಟಿಷ್ ಕಂಪನಿಗಳ ರವಾನೆ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಬಿಎಸ್‌ಎ ಮಾಲೀಕರ ಕ್ಲಬ್ಬು, ರಾಯಲ್ ಎನ್‌ಫೀಲ್ಡ್ ಮಾಲೀಕರ ಕ್ಲಬ್ಬು, ಎಜೆಎಸ್ ಮತ್ತು ಮ್ಯಾಚ್‌ಲೆಸ್ ಮಾಲೀಕರ ಕ್ಲಬ್ಬುಗಳೂ ಶುಲ್ಕ ಪಡೆದು ಗಾಡಿಯ ಕಾಲವನ್ನು ಗುರುತಿಸಿಕೊಡುತ್ತವೆ. ಬರೆಯುವಾಗ ಸಂಖ್ಯೆಗಳನ್ನು ಟೈಪು ಮಾಡಿ ಕಳುಹಿಸಿದರೆ ಸಾಲದು; ಅಚ್ಚಿನ ಸ್ಪಷ್ಟ ಫೋಟೊ, ಪೆನ್ಸಿಲ್ ಪ್ರಿಂಟು, ಗಾಡಿಯ ಎರಡೂ ಬದಿಯ ಚಿತ್ರ, ಮಾಲೀಕತ್ವದ ಕಾಗದ ಜೊತೆಗಿರಲಿ. ಸಂದೇಹವಿರುವ ಅಂಕಿಗೆ ಎರಡು ಸಾಧ್ಯತೆಗಳನ್ನೂ ಬರೆದು ಎರಡನ್ನೂ ಹುಡುಕಲು ಕೇಳಿಕೊಳ್ಳಿ.

ಬರುವ ಉತ್ತರ ಹೆಚ್ಚಾಗಿ ಒಂದೇ ಸಾಲು: ಫ್ರೇಮ್ ಸಂಖ್ಯೆ, ಎಂಜಿನ್ ಸಂಖ್ಯೆ, ಮಾದರಿ, ರವಾನೆಯಾದ ತಾರೀಖು, ಯಾರಿಗೆ. ಯುದ್ಧಾನಂತರದ ಗಾಡಿಯಾದರೆ ‘ಯಾರಿಗೆ’ ಎಂಬಲ್ಲಿ ಮುಂಬಯಿಯದೋ ಕಲ್ಕತ್ತೆಯದೋ ವರ್ತಕರ ಹೆಸರು ಸಿಗಬಹುದು; ಅಲ್ಲಿಗೆ ಹುಡುಕಾಟ ಬಹುಮಟ್ಟಿಗೆ ಮುಗಿಯುತ್ತದೆ. ಯುದ್ಧಕಾಲದ ಗಾಡಿಯಾದರೆ ಗುತ್ತಿಗೆಯ ಸಂಖ್ಯೆ ಸಿಗುತ್ತದೆಯೇ ಹೊರತು ‘ಭಾರತ’ ಎಂಬ ಮಾತನ್ನು ನಿರೀಕ್ಷಿಸಬಾರದು, ಏಕೆಂದರೆ ಕಾರ್ಖಾನೆ ಅದನ್ನು ಸೇನೆಗೆ ಒಪ್ಪಿಸಿತು; ಎಲ್ಲಿಗೆ ಹಡಗು ಹತ್ತಿಸಬೇಕೆಂದು ತೀರ್ಮಾನಿಸಿದ್ದು ಸೇನೆ. ಭಾರತಕ್ಕೆ ಬಂದದ್ದನ್ನು ನಮ್ಮ ಕಡೆಯ ಕಾಗದ ಮತ್ತು ಬಣ್ಣದಿಂದಲೇ ತೋರಿಸಿಕೊಡಬೇಕು.

ಪುಸ್ತಕದ ಸಾಲಿನಲ್ಲಿರುವ ಎಂಜಿನ್ ಸಂಖ್ಯೆ ನಿಮ್ಮ ಎಂಜಿನ್ನಿಗೆ ಹೊಂದದಿದ್ದರೆ ಎದೆಗುಂದಬೇಕಾಗಿಲ್ಲ. ಸೇನೆಯ ವರ್ಕ್‌ಶಾಪುಗಳಲ್ಲಿ ಕೆಟ್ಟ ಎಂಜಿನನ್ನು ಇಳಿಸಿ ಸಿದ್ಧವಾಗಿದ್ದ ಇನ್ನೊಂದನ್ನು ಏರಿಸುವುದು ದಿನನಿತ್ಯದ ಕೆಲಸ. ನಿಮ್ಮ ಎಂಜಿನ್ನಿನ ಸಂಖ್ಯೆಯನ್ನೂ ಬೇರೆಯಾಗಿ ಹುಡುಕಿಸಿ. ಅದೂ ಡಬ್ಲ್ಯೂಎಂ20 ಸರಣಿಯದೇ ಆಗಿದ್ದರೆ ಬದಲಾವಣೆ ಸೇನೆಯಲ್ಲೋ, ಇಲ್ಲಿ ಡಿಸ್ಪೋಸಲ್ ಎಂಜಿನ್‌ಗಳು ಸುಲಭವಾಗಿ ಸಿಗುತ್ತಿದ್ದ ಮೊದಲ ವರ್ಷಗಳಲ್ಲೋ ನಡೆದಿರಬಹುದು, ಮತ್ತು ಆರ್‌ಸಿಯ ಮೊದಲ ಪುಟದಲ್ಲಿರುವ ಎಂಜಿನ್ ಸಂಖ್ಯೆ ಆ ಪ್ರಶ್ನೆಯನ್ನು ಬಗೆಹರಿಸುತ್ತದೆ.

ಬುಲೆಟ್ ಮತ್ತು ಜಾವಾ: ಎರಡು ವಿಶೇಷ ಎಚ್ಚರಿಕೆಗಳು

ನಮ್ಮಲ್ಲಿ ‘ಇಂಪೋರ್ಟೆಡ್’ ಎಂದು ಹೆಚ್ಚು ಬೆಲೆಗೆ ಮಾರಾಟವಾಗುವ ಇನ್ನೆರಡು ಗಾಡಿಗಳಿವೆ. ರಾಯಲ್ ಎನ್‌ಫೀಲ್ಡ್ ಬುಲೆಟ್‌ಗಳನ್ನು ಮದ್ರಾಸ್ ಮೋಟಾರ್ಸ್ ಇಂಗ್ಲೆಂಡಿನ ರೆಡಿಚ್‌ನಿಂದ ತರಿಸುತ್ತಿತ್ತು. 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ಮರುವರ್ಷ ಮದ್ರಾಸಿನ ಬಳಿಯ ತಿರುವೊಟ್ಟಿಯೂರಿನಲ್ಲಿ ಕೆಲಸ ಆರಂಭವಾದಾಗ ಮೊದಲಿಗೆ ರೆಡಿಚ್‌ನ ಭಾಗಗಳೇ ಇಲ್ಲಿ ಜೋಡಣೆಯಾದವು. ಹಾಗಾಗಿ ಒಂದು ಭಾಗದ ಮೇಲೆ ಇಂಗ್ಲೆಂಡ್ ಎಂದು ಎರಕವಾಗಿದ್ದ ಮಾತ್ರಕ್ಕೆ ಗಾಡಿ ರೆಡಿಚ್‌ನದಾಗುವುದಿಲ್ಲ. ಫ್ರೇಮ್ ಸಂಖ್ಯೆ ರೆಡಿಚ್ ಪುಸ್ತಕದಲ್ಲಿ ಇಡೀ ಮೋಟಾರ್‌ಸೈಕಲ್ಲಾಗಿ ದಾಖಲಾಗಿರಬೇಕು.

ಮೈಸೂರಿನವರಿಗೆ ಹತ್ತಿರದ ಜಾವಾದಲ್ಲೂ ಇದೇ ತೊಡಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸುವ ಮೊದಲೇ ಚೆಕೊಸ್ಲೊವಾಕಿಯಾದಿಂದ ಪೂರ್ಣ ಗಾಡಿಗಳು ಭಾರತಕ್ಕೆ ಬರುತ್ತಿದ್ದವು, ಮತ್ತು ಮೈಸೂರಿನ ಮೊದಲ ಗಾಡಿಗಳಲ್ಲೂ ಚೆಕ್ ಭಾಗಗಳಿದ್ದವು. ಜಿಕೋವ್ ಕಾರ್ಬುರೇಟರ್, ಪಾಲ್ ಹೆಸರಿನ ವಿದ್ಯುತ್ ಉಪಕರಣಗಳು ಚೆಕ್ ತಯಾರಿಕೆಯವು. ಆದರೆ ಅವನ್ನು ನೋಡಿಯೇ ತೀರ್ಪು ಕೊಡುವಂತಿಲ್ಲ. ಮೊದಲ ನೋಂದಣಿಯ ತಾರೀಖು 1961ಕ್ಕಿಂತ ಹಿಂದಿನದೇ ಎಂಬುದನ್ನೇ ಮೊದಲು ನೋಡಬೇಕು.

ಕೊನೆಯ ಹಂತ: ಬರೆದಿಡುವುದು ಮತ್ತು ನೋಂದಣಿ

ದೊರೆತದ್ದನ್ನೆಲ್ಲ ಒಂದು ಕಡತದಲ್ಲಿ ಸೇರಿಸಿ, ಫ್ರೇಮು, ಎಂಜಿನ್, ಗೇರ್‌ಬಾಕ್ಸ್, ಟ್ಯಾಂಕು, ಫೋರ್ಕು ಇವುಗಳಿಗೆ ಒಂದೊಂದು ಪುಟ ಮೀಸಲಿಡಿ. ಪ್ರತಿ ಪುಟದಲ್ಲೂ ಕಣ್ಣಾರೆ ಕಂಡದ್ದು, ಕಾಗದ ಹೇಳಿದ್ದು, ಊಹಿಸಿದ್ದು ಎಂದು ಬೇರೆಬೇರೆಯಾಗಿ ಬರೆಯಿರಿ. ಊಹೆ ಕ್ರಮೇಣ ಸಂಗತಿಯ ಸಾಲಿಗೆ ಜಾರುವುದು ಈ ಹವ್ಯಾಸದ ದೊಡ್ಡ ದೋಷ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನು 2021ರ ಜುಲೈ ತಿಂಗಳ ಕೇಂದ್ರ ನಿಯಮಗಳ ಪ್ರಕಾರ ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಅರ್ಜಿ ನಮೂನೆ 20ರಲ್ಲಿ. ಜೊತೆಗೆ ವಿಮೆ, ಇಲ್ಲಿ ಹಿಂದೆಯೇ ನೋಂದಣಿಯಾಗಿದ್ದರೆ ಹಳೆಯ ಆರ್‌ಸಿ, ಆಮದಾದದ್ದಾದರೆ ಬಿಲ್ ಆಫ್ ಎಂಟ್ರಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಹಳೆಯ ಸಂಖ್ಯೆಯಿರುವವರು ಅದನ್ನೇ ಉಳಿಸಿಕೊಳ್ಳಬಹುದು; ಹೊಸದಾಗಿ ಪಡೆಯುವವರಿಗೆ ವಿಎ ಅಕ್ಷರಗಳ ಸರಣಿ ಸಿಗುತ್ತದೆ. ಹೀಗೆ ನೋಂದಣಿಯಾದ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಎಂವೈ ಪ್ಲೇಟು ಇರುವವರು ಯಾವ ಕಾರಣಕ್ಕೂ ಅದನ್ನು ಬಿಟ್ಟುಕೊಡಬೇಡಿರೆಂದು ನನ್ನ ಕೋರಿಕೆ. ಗಾಡಿ ಈ ನೆಲದಲ್ಲಿ ಕಳೆದ ಬಾಳಿಗೆ ಅದೇ ಸಾಕ್ಷಿ.

ಇಷ್ಟಾದ ಮೇಲೆ ಬಣ್ಣ ಕೆರೆಸುವುದಿದ್ದರೆ ಕೆರೆಸಬಹುದು. ಆಗಲೂ ಟ್ಯಾಂಕಿನ ತಳದಲ್ಲಿ ಅಂಗೈ ಅಗಲದ ಜಾಗವನ್ನು ಟೇಪು ಸುತ್ತಿ ಹಾಗೆಯೇ ಉಳಿಸಿ, ಫ್ರೇಮ್ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ಮರಳು ಬೀಳದಂತೆ ದಪ್ಪ ರಬ್ಬರ್ ಹಾಳೆಯನ್ನು ನೀವೇ ಅಂಟಿಸಿ, ಅದು ಅಂಟಿಕೊಂಡಿದೆಯೆಂದು ನೋಡಿದ ಮೇಲೆಯೇ ಕೆಲಸ ಶುರುಮಾಡಿಸಿ.